ಬಸ್ಸು ನಿಂತ ದಿನ ಊರು ಹೇಗೆ ಕಾಣುತ್ತದೆ? ಜಹೀರಾಬಾದ್, ನಾರಾಯಣಖೇಡ, ತಾಂಡೂರು: ಮುಷ್ಕರ ಮತ್ತು ಗಡಿ ಪ್ರಯಾಣಿಕರ ನೋಟ

ಸಾರ್ವಜನಿಕ ಸೇವೆಗಳ ಮುಷ್ಕರ ನಡೆದಾಗ ಪ್ರಯಾಣಿಕರಲ್ಲಿ ಒಂದು ಊರಿನ ಬಗ್ಗೆ ಎಂಥ ಅಭಿಪ್ರಾಯ ಮೂಡುತ್ತದೆ ಎಂಬುದು ಇವತ್ತಿನ ನನ್ನ ವಿಷಯ. ವಿಷಯ ದೊಡ್ಡದು. ಹಾಗಾಗಿ ಇದನ್ನು ಬಸ್ ಮುಷ್ಕರಕ್ಕೆ, ಅದರಲ್ಲೂ ತೆಲಂಗಾಣದ ಮೂರು ಗಡಿ ಊರುಗಳಿಗೆ ಸೀಮಿತ ಮಾಡಿಕೊಂಡಿದ್ದೇನೆ: ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು. ಇದು ಸಮೀಕ್ಷೆ ಅಲ್ಲ, ಅಂಕಿ-ಅಂಶದ ಅಧ್ಯಯನವೂ ಅಲ್ಲ. ಸಾಹಿತ್ಯದ ವಿದ್ಯಾರ್ಥಿ ಒಂದು ಪಠ್ಯವನ್ನು ಓದುವ ಹಾಗೆ ಒಂದು ಸನ್ನಿವೇಶವನ್ನು ಓದುವ ಪ್ರಯತ್ನ ಅಷ್ಟೇ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸು ನಿಂತದ್ದರಿಂದ ಮಾತ್ರ ಊರಿನ ಹೆಸರು ಕೆಡುವುದಿಲ್ಲ. ಬಸ್ಸು ಯಾಕೆ ನಿಂತಿತು ಎಂದು ಪ್ರಯಾಣಿಕನಿಗೆ ಅವನ ಮಾತಿನಲ್ಲಿ ಹೇಳುವವರು ಯಾರೂ ಇಲ್ಲದಾಗ ಕೆಡುತ್ತದೆ. ದೊಡ್ಡ ನಗರಕ್ಕೆ ಹೀಗೆ ಹೇಳುವವರು ನೂರು ಜನ ಇರುತ್ತಾರೆ. ಗಡಿಯ ಸಣ್ಣ ಊರಿಗೆ ಇರುವುದಿಲ್ಲ.

ಯಾವ ಊರು, ಯಾರು ಪ್ರಯಾಣಿಕರು

ಈ ಮೂರು ಊರುಗಳನ್ನೇ ಯಾಕೆ ತೆಗೆದುಕೊಂಡೆ ಎಂದರೆ, ಇವು ಗಡಿಯ ಊರುಗಳಾದದ್ದೇ 1956ರಲ್ಲಿ. ಅಲ್ಲಿಯವರೆಗೆ ಹೈದರಾಬಾದ್ ರಾಜ್ಯದೊಳಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಇಡೀ ನಾರಾಯಣಖೇಡ ತಾಲೂಕು, ಕೊಡಂಗಲ್ ಜೊತೆಗೆ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದವು. 2014ರ ಜೂನ್ 2ರಂದು ತೆಲಂಗಾಣ ಆಯಿತು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳಾದಾಗ ಮೊದಲೆರಡು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಹೋದವು.

ನಕಾಶೆ ಬದಲಾಯಿತು, ಸಂಬಂಧಗಳು ಬದಲಾಗಲಿಲ್ಲ. ಜಹೀರಾಬಾದಿನಿಂದ ಬೀದರ ಸುಮಾರು 30 ಕಿ.ಮೀ., ಹೈದರಾಬಾದ್ ನೂರಕ್ಕೂ ಹೆಚ್ಚು. ಹೀಗಾಗಿ ಇಲ್ಲಿಯ ಪ್ರಯಾಣಿಕ ಎಂದರೆ ಕ್ಯಾಮೆರಾ ಹಾಕಿಕೊಂಡು ಬರುವ ಪ್ರವಾಸಿ ಅಲ್ಲ. ಬೀದರಿನ ಆಸ್ಪತ್ರೆಗೆ ಹೋಗುವವರು, ಕಲಬುರಗಿಯಲ್ಲಿ ಓದುವವರು, ತಾಂಡೂರಿನ ತೊಗರಿ ಅಡತಿಗೆ ಬರುವವರು, ಅಲ್ಲಿಯ ಫರಸಿ ಕಲ್ಲಿನ ಪಾಲಿಶ್ ಘಟಕಗಳಲ್ಲಿ ಕೂಲಿ ಮಾಡುವವರು, ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಡೆದುಕೊಳ್ಳುವವರು, ಗಡಿಯ ಆ ಕಡೆ ಹೆಣ್ಣು ಕೊಟ್ಟವರು, ಈ ಕಡೆ ತಂದವರು.

ಇಲ್ಲಿ ನಮ್ಮ ಸಾಹಿತ್ಯದ ಒಂದು ಕೊರತೆಯನ್ನೂ ಹೇಳಬೇಕು. ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಶ್ರೀಮಂತವಾಗಿದೆ. ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಇರಲಿ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಇರಲಿ, ಅವೆಲ್ಲ ದೂರದ ಊರಿನತ್ತ ಹೊರಟ ಕೃತಿಗಳು. ಮೂವತ್ತು ಕಿಲೋಮೀಟರ್ ಹೋಗಿ ಸಂಜೆಗೆ ವಾಪಸ್ ಬರುವವರನ್ನು ನಾವು ಪ್ರವಾಸಿ ಎಂದು ಕರೆಯುವುದಿಲ್ಲ. ಅವರ ಊರಿನ ನೋಟಕ್ಕೆ ನಮ್ಮಲ್ಲಿ ಪ್ರಕಾರವೇ ಇಲ್ಲ. ಆದರೆ ಒಂದು ಸಣ್ಣ ಊರಿನ ಹೆಸರು ಹೊರಗೆ ಹೇಗೆ ಹರಡುತ್ತದೆ ಎಂಬುದನ್ನು ನಿರ್ಧರಿಸುವವರು ಇವರೇ.

ಬಸ್ ಸ್ಟ್ಯಾಂಡೇ ಊರಿನ ಮುಖ

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರ ತಮ್ಮ ಪುಸ್ತಕದಲ್ಲಿ, ಜನ ಒಂದು ನಗರವನ್ನು ಐದು ಸಂಗತಿಗಳಿಂದ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ ಎಂದರು: ದಾರಿ, ಅಂಚು, ಪ್ರದೇಶ, ಜನ ಕೂಡುವ ತಾಣ, ಹೆಗ್ಗುರುತು. ದೊಡ್ಡ ನಗರದಲ್ಲಿ ಇವು ಬೇರೆ ಬೇರೆ ಕಡೆ ಹರಡಿರುತ್ತವೆ. ನಮ್ಮ ತಾಲೂಕು ಊರಿನಲ್ಲಿ ಬಸ್ ಸ್ಟ್ಯಾಂಡ್ ಒಂದೇ ಇವುಗಳಲ್ಲಿ ಮೂರರ ಕೆಲಸ ಮಾಡುತ್ತದೆ. ದಾರಿಗಳು ಸೇರುವುದು ಅಲ್ಲಿ, ಜನ ಕೂಡುವುದು ಅಲ್ಲಿ, ‘ಎಲ್ಲಿದ್ದೀಯಪ್ಪ’ ಎಂದು ಕೇಳಿದರೆ ಗುರುತು ಹೇಳುವುದೂ ‘ಬಸ್ ಸ್ಟ್ಯಾಂಡ್ ಹತ್ರ’ ಅಂತಲೇ. ಆದ್ದರಿಂದ ಬಸ್ ನಿಂತರೆ ಹೊರಗಿನವನ ಮನಸ್ಸಿನಲ್ಲಿರುವ ಊರಿನ ಚಿತ್ರದ ಹೆಚ್ಚಿನ ಭಾಗ ಒಮ್ಮೆಲೇ ಖಾಲಿಯಾಗುತ್ತದೆ.

ಪ್ಯಾರಿಸ್ ಜೊತೆ ಹೋಲಿಸಿ ನೋಡಿ. 2019ರ ಡಿಸೆಂಬರ್ 5ರಿಂದ ಅಲ್ಲಿ ಪಿಂಚಣಿ ಸುಧಾರಣೆಯ ವಿರುದ್ಧ ರೈಲು, ಮೆಟ್ರೋ ನೌಕರರು ವಾರಗಟ್ಟಲೆ ಮುಷ್ಕರ ಮಾಡಿದರು. ಪ್ರವಾಸಿಗರಿಗೆ ತೊಂದರೆ ಆಯಿತು, ನಿಜ. ಆದರೆ ಪ್ಯಾರಿಸ್ ಎಂದರೆ ಏನು ಎಂಬ ಚಿತ್ರ ಅವರಲ್ಲಿ ಮೊದಲೇ ಇತ್ತು. ಮುಷ್ಕರ ಆ ಚಿತ್ರದ ಮೇಲೆ ಬಿದ್ದ ಒಂದು ಗೀರು, ಅಷ್ಟೆ. ಕಾರಣವೂ ಜಗತ್ತಿನ ಎಲ್ಲ ಭಾಷೆಯ ಪತ್ರಿಕೆಗಳಲ್ಲಿ ಬಂತು. ನಾರಾಯಣಖೇಡಕ್ಕೆ ಅಂಥ ಪೂರ್ವಚಿತ್ರ ಇಲ್ಲ. ಮೊದಲ ಸಲ ಬಂದವನು ಖಾಲಿ ಬಸ್ ಸ್ಟ್ಯಾಂಡ್ ನೋಡಿದರೆ ಅವನ ಪಾಲಿಗೆ ನಾರಾಯಣಖೇಡ ಅಂದರೆ ಅದೇ. ‘ಆ ಕಡಿ ಏನೂ ಸರಿ ಇಲ್ಲ ಬಿಡ್ರಿ’ ಎಂಬ ಒಂದು ಮಾತಿನಲ್ಲಿ ಊರು ಮುಗಿದುಹೋಗುತ್ತದೆ.

2019ರ ಐವತ್ತೆರಡು ದಿನ

ತೆಲಂಗಾಣ ರಸ್ತೆ ಸಾರಿಗೆ ನಿಗಮದ ಸುಮಾರು 48 ಸಾವಿರ ನೌಕರರು 2019ರ ಅಕ್ಟೋಬರ್ 5ರಿಂದ ಮುಷ್ಕರಕ್ಕೆ ಇಳಿದರು. ನಿಗಮವನ್ನು ಸರ್ಕಾರದಲ್ಲಿ ವಿಲೀನ ಮಾಡಬೇಕು ಎಂಬುದು ಮುಖ್ಯ ಬೇಡಿಕೆ. ಮುಂದಿನ ದಿನ ಸದ್ದುಲ ಬತುಕಮ್ಮ, 8ಕ್ಕೆ ದಸರಾ. ಇಡೀ ತೆಲಂಗಾಣ ಊರಿಗೆ ಹೋಗುವ ಹೊತ್ತು ಅದು. ಗಡುವಿನೊಳಗೆ ಕೆಲಸಕ್ಕೆ ಬಾರದವರು ತಾವಾಗಿಯೇ ಕೆಲಸ ಕಳೆದುಕೊಂಡಂತೆ ಎಂದು ಸರ್ಕಾರ ಹೇಳಿತು. ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 19ರವರೆಗೆ ಮುಂದುವರಿಸಿತು. ಖಮ್ಮಂನ ಒಬ್ಬ ಚಾಲಕ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಕೊನೆಗೆ ನವೆಂಬರ್ 25ರಂದು ಕ್ರಿಯಾ ಸಮಿತಿ ಮುಷ್ಕರ ಹಿಂತೆಗೆದುಕೊಂಡಿತು. ಕೆಲಸಕ್ಕೆ ಹಾಜರಾಗಬಹುದು ಎಂದು ಮುಖ್ಯಮಂತ್ರಿ ಹೇಳಿದ್ದು 28ರಂದು. ಐವತ್ತೆರಡು ದಿನ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರರಲ್ಲೂ ಆರ್‌ಟಿಸಿ ಡಿಪೋಗಳಿವೆ. ಆದರೆ ಮುಷ್ಕರ ಮೂರು ಊರುಗಳಲ್ಲಿ ಒಂದೇ ಥರ ಕಾಣುವುದು ಸಾಧ್ಯವಿರಲಿಲ್ಲ. ತಾಂಡೂರು ಸಿಕಂದರಾಬಾದ್–ವಾಡಿ ರೈಲು ಮಾರ್ಗದಲ್ಲಿದೆ. ಜಹೀರಾಬಾದ್ ವಿಕಾರಾಬಾದಿನಿಂದ ಬೀದರ ಮೂಲಕ ಪರಳಿಗೆ ಹೋಗುವ ಮಾರ್ಗದಲ್ಲಿದೆ, ಜೊತೆಗೆ ಮುಂಬಯಿ ಹೆದ್ದಾರಿ ಊರನ್ನೇ ಹಾದುಹೋಗುತ್ತದೆ. ನಾರಾಯಣಖೇಡಕ್ಕೆ ರೈಲು ಇಲ್ಲ. ಸುತ್ತಲಿನ ತಾಂಡಾಗಳಿಗೆ ಬಸ್ಸೇ ಗತಿ. ಅಂದರೆ ಒಂದೇ ಮುಷ್ಕರ ತಾಂಡೂರಿನಲ್ಲಿ ‘ರೈಲಿಗೆ ಹೋದ್ರಾಯ್ತು’ ಎಂಬ ಬದಲಿ ದಾರಿ, ಜಹೀರಾಬಾದಿನಲ್ಲಿ ಹೆದ್ದಾರಿಯಲ್ಲಿ ಕೈ ಮಾಡಿ ನಿಲ್ಲುವ ದಾರಿ, ನಾರಾಯಣಖೇಡದಲ್ಲಿ ಜೀಪು, ಸೆವೆನ್ ಸೀಟರ್ ಆಟೊದವರು ಕೇಳಿದಷ್ಟು ಕೊಡುವ ದಾರಿ. ಪ್ರಯಾಣಿಕ ಇದನ್ನು ರೈಲ್ವೆ ನಕಾಶೆಯ ವ್ಯತ್ಯಾಸ ಎಂದು ಓದುವುದಿಲ್ಲ. ‘ತಾಂಡೂರು ಪರವಾಗಿಲ್ಲ, ಖೇಡ ಭಾಳ ಹಿಂದ ಅದ’ ಎಂದು ಊರಿನ ಸ್ವಭಾವವಾಗಿ ಓದುತ್ತಾನೆ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಸರ್ಕಾರ ತಾತ್ಕಾಲಿಕ ಚಾಲಕ, ನಿರ್ವಾಹಕರನ್ನು ತೆಗೆದುಕೊಂಡು ಒಂದಷ್ಟು ಬಸ್ಸು ಓಡಿಸಿತು. ಬಸ್ ಓಡಿತು ಎಂದ ಮೇಲೆ ಊರಿನ ಬಗೆಗಿನ ಅಭಿಪ್ರಾಯ ಸರಿಹೋಗಬೇಕಲ್ಲವೆ? ಹಾಗಾಗಲಿಲ್ಲ. ಟಿಕೆಟ್ ಕೊಡದೆ ದುಡ್ಡು ತೆಗೆದುಕೊಂಡರು, ಸ್ಟೇಜು ಗೊತ್ತಿಲ್ಲದೆ ಹೆಚ್ಚು ತೆಗೆದುಕೊಂಡರು ಎಂಬ ದೂರುಗಳು ರಾಜ್ಯದ ಉದ್ದಗಲಕ್ಕೂ ಬಂದವು. ಗಡಿಯಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಇಲ್ಲಿಯ ಮಾರ್ಗದಲ್ಲಿ ವರ್ಷಗಟ್ಟಲೆ ಓಡಾಡಿದ ನಿರ್ವಾಹಕ ತೆಲುಗಿನಲ್ಲಿ ಟಿಕೆಟ್ ಕೇಳಿ, ದಖನಿಯಲ್ಲಿ ಚಿಲ್ಲರೆ ಕೇಳಿ, ಕನ್ನಡದ ಅಜ್ಜಿಗೆ ‘ಕುಂದ್ರಬೇ, ನಿಮ್ಮೂರು ಇನ್ನಾ ಬಂದಿಲ್ಲ’ ಎನ್ನುವವನು. ಪಲ್ಲೆವೆಲುಗು ಬಸ್ಸಿನ ಬೋರ್ಡು ತೆಲುಗಿನಲ್ಲಿರುತ್ತದೆ. ಅದನ್ನು ಓದಲು ಬಾರದವರಿಗೆ ಬೋರ್ಡು ಎಂದರೆ ಆ ಮನುಷ್ಯನೇ. ಮುಷ್ಕರದಲ್ಲಿ ಇಲ್ಲವಾದದ್ದು ಬಸ್ಸಿಗಿಂತ ಹೆಚ್ಚಾಗಿ ಈ ದುಭಾಷಿ. ನಾವು ‘ಆ ಊರಿನ ಮಂದಿ ಒಳ್ಳೆಯವರು’ ಎಂದು ಸುಲಭವಾಗಿ ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಸಂಬಳಕ್ಕೆ ದುಡಿಯುವ ಒಬ್ಬ ನಿರ್ವಾಹಕನ ನಡವಳಿಕೆ. ಊರಿನ ಸೌಜನ್ಯ ಎಂದುಕೊಂಡದ್ದು ಒಂದು ನೌಕರಿ ಕೂಡ ಎಂಬುದು ಆ ನೌಕರ ಕೆಲಸ ನಿಲ್ಲಿಸಿದಾಗ ಮಾತ್ರ ಗೊತ್ತಾಗುತ್ತದೆ.

ಅದೇ ಖಾಲಿ ನಿಲ್ದಾಣ, ಬೇರೆ ಅರ್ಥ

ಖಾಲಿ ಬಸ್ ಸ್ಟ್ಯಾಂಡ್ ಯಾವಾಗಲೂ ಊರಿನ ಹೆಸರು ಕೆಡಿಸುತ್ತದೆಯೇ? ಇಲ್ಲ. ಇದಕ್ಕೆ ಸಾಕ್ಷಿ ಇದೇ ಊರುಗಳಲ್ಲಿದೆ. 2011ರ ಸೆಪ್ಟೆಂಬರ್ 13ರಿಂದ ಅಕ್ಟೋಬರ್ 24ರವರೆಗೆ 42 ದಿನ ಪ್ರತ್ಯೇಕ ತೆಲಂಗಾಣಕ್ಕಾಗಿ ‘ಸಕಲ ಜನುಲ ಸಮ್ಮೆ’ ನಡೆಯಿತು. ಸರ್ಕಾರಿ ನೌಕರರು, ಶಿಕ್ಷಕರು, ಸಿಂಗರೇಣಿ ಕಲ್ಲಿದ್ದಲು ಗಣಿಯ ಕಾರ್ಮಿಕರು ಇದ್ದರು, ಆರ್‌ಟಿಸಿಯವರೂ ಸೇರಿದರು. ಆಗಲೂ ಬಸ್ ಸ್ಟ್ಯಾಂಡ್ ಖಾಲಿಯಾಗಿತ್ತು. ಆದರೆ ಆಗ ಹೊರಗಿನಿಂದ ಬಂದವರಿಗೆ ಯಾಕೆ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಚಹಾ ಅಂಗಡಿಯವನು, ಮೇಷ್ಟ್ರು, ಗೋಡೆ ಬರಹ ಎಲ್ಲವೂ ಒಂದೇ ಉತ್ತರ ಹೇಳುತ್ತಿದ್ದವು. ಬಂದವನು ಒಪ್ಪಲಿ ಬಿಡಲಿ, ‘ಈ ಊರಿಗೆ ಏನೋ ಬೇಕಾಗಿದೆ’ ಎಂಬ ಅರ್ಥ ಅವನಿಗೆ ಸಿಗುತ್ತಿತ್ತು.

2019ರಲ್ಲಿ ಬಜಾರು ತೆರೆದಿತ್ತು, ಬಸ್ ಸ್ಟ್ಯಾಂಡ್ ಮಾತ್ರ ಬಿಕೋ ಎನ್ನುತ್ತಿತ್ತು. ಅಕ್ಟೋಬರ್ 19ರ ರಾಜ್ಯ ಬಂದ್ ಬಿಟ್ಟರೆ ಊರಿಗೂ ನೌಕರರಿಗೂ ನಡುವೆ ಒಂದು ಅಂತರ ಉಳಿಯಿತು. ಆದ್ದರಿಂದ ಪ್ರಯಾಣಿಕನಿಗೆ ಸಿಕ್ಕಿದ್ದು ತೊಂದರೆ ಮಾತ್ರ, ಅದರ ಅರ್ಥ ಅಲ್ಲ. ಎರಡೂ ಮುಷ್ಕರಗಳಲ್ಲಿ ನಿಂತ ಬಸ್ಸು ಒಂದೇ. ವ್ಯತ್ಯಾಸ ಇದ್ದದ್ದು ಅದರ ಸುತ್ತ ಇದ್ದ ಮಾತಿನಲ್ಲಿ.

2021: ಈ ಸಲ ಪಶ್ಚಿಮದ ಕಡೆಯಿಂದ

ಗಡಿ ಊರಿಗೆ ಮುಷ್ಕರ ಎರಡು ದಿಕ್ಕಿನಿಂದ ಬರುತ್ತದೆ. 2021ರ ಏಪ್ರಿಲ್ 7ರಂದು ಕರ್ನಾಟಕದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೇ ವೇತನ ಆಯೋಗದ ಶಿಫಾರಸಿನಂತೆ ಸಂಬಳ ಕೊಡಿ ಎಂದು ಮುಷ್ಕರ ಹೂಡಿದರು. ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡ ಈಶಾನ್ಯ ನಿಗಮವೂ ಅದರಲ್ಲಿತ್ತು. ನಡುವೆ 13ಕ್ಕೆ ಯುಗಾದಿ. ಹೈಕೋರ್ಟ್ ಮಧ್ಯಪ್ರವೇಶದ ನಂತರ 21ರಂದು ಮುಷ್ಕರ ನಿಂತಿತು. ಒಂದು ಕಡೆ ದಸರಾ, ಇನ್ನೊಂದು ಕಡೆ ಯುಗಾದಿ. ಜನ ಹೆಚ್ಚು ಓಡಾಡುವ ಹೊತ್ತಿನಲ್ಲೇ ಒತ್ತಡ ಹೆಚ್ಚು ಬೀಳುತ್ತದೆ ಎಂಬುದು ಎರಡೂ ರಾಜ್ಯದ ನೌಕರರ ಲೆಕ್ಕ. ಅದೇ ಲೆಕ್ಕ ಪ್ರಯಾಣಿಕರ ಸಿಟ್ಟಿಗೂ ಕಾರಣ.

ಇಲ್ಲಿ ಗಮನಿಸಬೇಕಾದದ್ದು, 2019ರಲ್ಲಿ ಬೀದರಿನವರು ‘ತೆಲಂಗಾಣದಾಗ ಬಸ್ ಬಂದ್’ ಎಂದರು, 2021ರಲ್ಲಿ ಜಹೀರಾಬಾದಿನವರು ‘ಕರ್ನಾಟಕದ ಬಸ್ ಬಂದ್’ ಎಂದರು. ಎರಡರಲ್ಲೂ ಊರಿನ ಹೆಸರು ಮರೆಯಾಗಿ ರಾಜ್ಯದ ಹೆಸರು ಮುಂದೆ ಬಂತು. ಸಾಮಾನ್ಯ ದಿನಗಳಲ್ಲಿ ಗಡಿ ಇದೆ ಎಂಬುದೇ ನೆನಪಾಗದವರಿಗೆ ಮುಷ್ಕರ ಗಡಿಯನ್ನು ತೋರಿಸಿಕೊಡುತ್ತದೆ. ಒಂದು ಕಡೆಯ ನಿಗಮದ ಮುಷ್ಕರ ಇನ್ನೊಂದು ಕಡೆಯ ನಿಗಮದ ನೌಕರರಿಗೆ ಮುಷ್ಕರ ಅಲ್ಲ. ಆದರೆ ಇವೆರಡರ ಪೂರ್ವಜ ಒಬ್ಬನೇ. ನಿಜಾಮರ ರೈಲ್ವೆಯ ಕೆಳಗೆ 1932ರಲ್ಲಿ ಆರಂಭವಾದ ರಸ್ತೆ ಸಾರಿಗೆ ವಿಭಾಗ 27 ಬಸ್ಸು, 166 ನೌಕರರಿಂದ ಶುರುವಾಗಿತ್ತು. ಬೀದರವೂ ಜಹೀರಾಬಾದೂ ಆಗ ಒಂದೇ ಸಂಸ್ಥಾನದ, ಒಂದೇ ಜಿಲ್ಲೆಯ ಊರುಗಳು.

ಮುಷ್ಕರ, ಸಮ್ಮೆ, ಸಂಪು, ಪರದಾಟ

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಕಾಡಿದ್ದು ಪದಗಳು. ಈ ಮೂರು ಊರುಗಳ ಸಂತೆಯಲ್ಲಿ ನಿಂತರೆ ಒಂದೇ ಕ್ರಿಯೆಗೆ ಎಷ್ಟು ಹೆಸರು! ತೆಲುಗಿನಲ್ಲಿ ಸಮ್ಮೆ, ಮರಾಠಿಯಿಂದ ಬಂದ ಸಂಪು, ದಖನಿಯಲ್ಲಿ ಹಡತಾಲ್, ಎಲ್ಲರ ಬಾಯಲ್ಲೂ ಬಂದ್ ಮತ್ತು ಸ್ಟ್ರೈಕ್. ಹಡತಾಲ್ ಎಂಬುದರ ಮೂಲದಲ್ಲಿ ಅಂಗಡಿಗೆ ಬೀಗ ಎಂಬ ಅರ್ಥ ಇದೆ. ನಮ್ಮ ಪತ್ರಿಕೆಗಳ ‘ಮುಷ್ಕರ’ಕ್ಕೆ ಹಟ, ಮೊಂಡುತನ ಎಂಬ ಹಳೆಯ ಅರ್ಥಛಾಯೆ ಇದೆ. ಪದ ಬಳಸುವವರಿಗೆ ಅದು ನೆನಪಿರಬೇಕಿಲ್ಲ, ಆದರೆ ಕೇಳುವ ಕಿವಿಯಲ್ಲಿ ‘ಹಟ ಹಿಡಿದು ಕೂತಿದ್ದಾರೆ’ ಎಂಬ ಧ್ವನಿ ಉಳಿದುಕೊಂಡಿದೆ.

ಇದಕ್ಕಿಂತ ಬಲವಾದದ್ದು ಶೀರ್ಷಿಕೆಯ ಸೂತ್ರ. ಯಾವ ಮುಷ್ಕರವೇ ಇರಲಿ, ಮರುದಿನ ‘ಪ್ರಯಾಣಿಕರ ಪರದಾಟ’ ಎಂದು ಬರುತ್ತದೆ. ಪ್ರಾಸ ಚೆನ್ನಾಗಿದೆ. ಆದರೆ ಈ ಎರಡು ಪದಗಳ ವಾಕ್ಯದಲ್ಲಿ ಕರ್ತೃ ಪ್ರಯಾಣಿಕ ಒಬ್ಬನೇ. ನೌಕರ ಇಲ್ಲ, ನಿಗಮ ಇಲ್ಲ, ಸರ್ಕಾರ ಇಲ್ಲ, ಸಂಬಳ ಇಲ್ಲ. ಪರದಾಟ ಮಳೆಯಿಂದಲೂ ಆಗಬಹುದು, ಮುಷ್ಕರದಿಂದಲೂ ಆಗಬಹುದು, ಎರಡೂ ಒಂದೇ ಎನ್ನುವ ಹಾಗೆ. ಗಡಿಯ ಆಚೆಯವನಿಗೆ ಸಿಗುವುದು ಬಹಳ ಸಲ ಈ ಶೀರ್ಷಿಕೆ ಮಾತ್ರ. ಅವನು ಬಸ್ ಸ್ಟ್ಯಾಂಡಿಗೆ ಬಂದಾಗ ಆಗಲೇ ಸಿದ್ಧವಾಗಿರುವ ಈ ವಾಕ್ಯದೊಳಗೆ ತನ್ನನ್ನು ಕೂರಿಸಿಕೊಳ್ಳುತ್ತಾನೆ.

ನೋಟಿಸು ಯಾರಿಗೆ?

2019ರಲ್ಲಿ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 22ನೇ ಕಲಮು ಸಾರ್ವಜನಿಕ ಉಪಯುಕ್ತ ಸೇವೆಯ ನೌಕರರಿಗೆ ಒಂದು ಷರತ್ತು ಹಾಕಿತ್ತು. ಮುಷ್ಕರಕ್ಕೆ ಮುಂಚೆ ನೋಟಿಸು ಕೊಡಬೇಕು, ಕೊಟ್ಟು 14 ದಿನ ಆಗುವ ತನಕ ಮುಷ್ಕರ ಮಾಡಬಾರದು. ಆದರೆ ಆ ನೋಟಿಸು ಹೋಗುವುದು ಆಡಳಿತಕ್ಕೆ. ಬಸ್ಸಿಗೆ ಕಾಯುವವರಿಗೆ ತಿಳಿಸುವ ಜವಾಬ್ದಾರಿ ಆ ಕಲಮಿನಲ್ಲಿ ಇಲ್ಲ. ಹಾಗಾಗಿ ಗಡಿ ಪ್ರಯಾಣಿಕ ಸುದ್ದಿ ತಿಳಿಯುವುದು ಆಟೊದವನ ಬಾಯಿಂದ. ‘ಯಾಕಂತ?’ ಎಂದರೆ, ‘ಅವರ್ದು ಏನೋ ಲಫಡಾ ಅದ ರೀ.’

ನನ್ನ ಸಲಹೆ ಬಹಳ ಸರಳ. ಮೂರೂ ಬಸ್ ಸ್ಟ್ಯಾಂಡುಗಳಲ್ಲಿ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಒಂದು ಹಾಳೆ ಅಂಟಿಸಬೇಕು: ಯಾವಾಗಿನಿಂದ ಬಸ್ ಇಲ್ಲ, ನೌಕರರು ಏನು ಕೇಳುತ್ತಿದ್ದಾರೆ, ಆಸ್ಪತ್ರೆ ಮತ್ತು ಪರೀಕ್ಷೆಗೆ ಹೋಗುವವರಿಗೆ ಏನು ದಾರಿ. ಸಂಘದವರು ಅಂಟಿಸಿದರೆ ಅವರ ವಾದಕ್ಕೆ ಲಾಭ, ನಿಗಮದವರು ಅಂಟಿಸಿದರೆ ಅವರ ಹೆಸರಿಗೆ ಲಾಭ. ಯಾರೇ ಅಂಟಿಸಲಿ, ಊರಿಗಂತೂ ಲಾಭ.

ಚರ್ಚೆಯಿಂದ

ಅಧ್ಯಾಪಕರೊಬ್ಬರ ಪ್ರಶ್ನೆ: ಪ್ರಯಾಣಿಕರ ಅಭಿಪ್ರಾಯಕ್ಕೆ ಇಷ್ಟು ಬೆಲೆ ಕೊಟ್ಟರೆ ಮುಷ್ಕರವೇ ಮಾಡಬಾರದು ಎಂದಂತಾಗುವುದಿಲ್ಲವೆ?

ಉತ್ತರ: ಆಗಬಾರದು ಸರ್. ತೊಂದರೆಯೇ ಆಗದ ಮುಷ್ಕರ ಯಾರಿಗೂ ಕೇಳಿಸುವುದಿಲ್ಲ. ನಾನು ಹೇಳುತ್ತಿರುವುದು, ತೊಂದರೆಯ ಜೊತೆಗೆ ಕಾರಣವೂ ತಲುಪಬೇಕು ಅಂತ. 2019ರ ಮುಖ್ಯ ಬೇಡಿಕೆಯನ್ನೇ ನೋಡಿ. ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳುವ ಮಸೂದೆಗೆ 2023ರ ಆಗಸ್ಟ್‌ನಲ್ಲಿ ತೆಲಂಗಾಣ ವಿಧಾನಸಭೆಯೇ ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷದ ಹಿಂದೆ ಹಟ ಎನಿಸಿಕೊಂಡದ್ದು ಆಮೇಲೆ ಮಸೂದೆ ಆಯಿತು. ಆದರೆ ಅವತ್ತು ಬಸ್ ಸಿಗದೆ ವಾಪಸ್ ಹೋದವನ ನೆನಪಿನಲ್ಲಿ ಊರಿನ ಬಗ್ಗೆ ಉಳಿದ ಮಾತು ತಾನಾಗಿ ತಿದ್ದಿಕೊಳ್ಳುವುದಿಲ್ಲ ಸರ್.

ಸಹಪಾಠಿಯೊಬ್ಬರ ಪ್ರಶ್ನೆ: ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಕಾರಣ ಗೊತ್ತಾಗುವುದಿಲ್ಲ ಎಂಬ ವಾದ ಹಳೆಯದಾಯಿತಲ್ಲ?

ಉತ್ತರ: ಫೋನು ಬಸ್ ಇಲ್ಲ ಎಂದು ಬೇಗ ಹೇಳುತ್ತದೆ, ಯಾಕೆ ಇಲ್ಲ ಎಂಬುದನ್ನು ಯಾವ ಭಾಷೆಯಲ್ಲಿ, ಯಾರಿಗೆ ಹೇಳುತ್ತದೆ ಎಂಬ ಪ್ರಶ್ನೆ ಹಾಗೇ ಇದೆ. ಇನ್ನೊಂದು ಮಾತು. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ, ಅದೇ ವರ್ಷದ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆ ಬಂದು, ಎರಡೂ ಕಡೆ ಆಯಾ ರಾಜ್ಯದ ಹೆಣ್ಣುಮಕ್ಕಳು ತಮ್ಮ ಗಡಿಯ ತನಕ ಪುಕ್ಕಟೆ ಬರುತ್ತಾರೆ. ಕೈಯಲ್ಲಿ ಆಟೊಗೆ ಕೊಡುವಷ್ಟು ದುಡ್ಡಿಲ್ಲದೆಯೂ ಮನೆಯಿಂದ ಹೊರಡುವ ಧೈರ್ಯ ಈಗ ಬಂದಿದೆ. ಬಸ್ಸು ನಿಂತರೆ ಮೊದಲು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವವರು ಇವರೇ. ಎಷ್ಟೋ ಮನೆಗಳಲ್ಲಿ ಫೋನು ಗಂಡಸರ ಜೇಬಿನಲ್ಲಿರುತ್ತದೆ. ಆ ಹಾಳೆ ಗೋಡೆಯ ಮೇಲೇ ಇರಬೇಕು ಎಂದು ನಾನು ಹೇಳುವುದು ಅದಕ್ಕೇ.